ಕಂಬಿ ಕಿತ್ತ ದಾರಿಯಲ್ಲಿ ಸೈಕಲ್, ನಡಿಗೆ, ಸ್ಕೀ: ವರ್ಮಾಂಟಿನ ಲಮೊಯ್ಲ್ ವ್ಯಾಲಿಗೆ ಹೊರಡುವವರಿಗೆ

ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದಲ್ಲಿ ರೈಲು ನಿಂತುಹೋದ ಒಂದು ಹಳೇ ಲೈನ್ ಇದೆ. ಕಂಬಿ, ಸ್ಲೀಪರ್ ಎಲ್ಲ ಕಿತ್ತು, ಜಲ್ಲಿಪುಡಿ ಹಾಸಿ, ರೋಲರ್ ಹೊಡೆದು ಜನರ ಓಡಾಟಕ್ಕೆ ಬಿಟ್ಟಿದ್ದಾರೆ. ಪೂರ್ವದ ತುದಿ ಸೇಂಟ್ ಜಾನ್ಸ್‌ಬರಿ, ಪಶ್ಚಿಮದ ತುದಿ ಸ್ವಾಂಟನ್. ನಡುವೆ 93 ಮೈಲಿ, ಅಂದರೆ ಸುಮಾರು 150 ಕಿ.ಮೀ. ಇಡೀ ನ್ಯೂ ಇಂಗ್ಲೆಂಡಿನಲ್ಲಿ (ವರ್ಮಾಂಟ್ ಸೇರಿದಂತೆ ಈಶಾನ್ಯದ ಆರು ರಾಜ್ಯಗಳು) ಇದಕ್ಕಿಂತ ಉದ್ದದ ರೈಲ್ ಟ್ರೇಲ್ ಇಲ್ಲ. ಹೆಸರು ಲಮೊಯ್ಲ್ ವ್ಯಾಲಿ ರೈಲ್ ಟ್ರೇಲ್. ಟಿಕೆಟ್ ಇಲ್ಲ, ಪಾಸ್ ಇಲ್ಲ, ಗೇಟಿನಲ್ಲಿ ಹೆಸರು ಬರೆಸುವ ಕೆಲಸವೂ ಇಲ್ಲ.

ನಾನಿರುವುದು ಎಸೆಕ್ಸ್ ಜಂಕ್ಷನ್‌ನಲ್ಲಿ. ಕೆಲಸ ಶಿಫ್ಟಿನದು, ವಾರದ ಮಧ್ಯೆಯೇ ರಜೆ ಸಿಗುತ್ತದೆ. ಕಾರಿನಲ್ಲಿ ಮುಕ್ಕಾಲು ಗಂಟೆಯೊಳಗೆ ಜೆಫರ್ಸನ್‌ವಿಲ್ ಸಿಗುತ್ತದೆ, ಟ್ರೇಲ್ ಅದರ ಪಕ್ಕದಲ್ಲೇ ಹೋಗುತ್ತದೆ. ಬೇಸಿಗೆ ಬಂದರೆ ಸಾಕು, ಬಾಸ್ಟನ್ ಕಡೆಯ ಕನ್ನಡದ ಸ್ನೇಹಿತರು ಫೋನ್ ಮಾಡುತ್ತಾರೆ. "ಅಪ್ಪ ಅಮ್ಮ ಬಂದಿದ್ದಾರೆ, ಬೆಟ್ಟ ಹತ್ತೋಕಾಗಲ್ಲ, ಮಾಲ್ ಸುತ್ತಿ ಸುತ್ತಿ ಬೇಜಾರಾಗಿದೆ, ಎಲ್ಲಿಗೆ ಕರ್ಕೊಂಡು ಹೋಗೋದು?" ಅಂತ. ಚಳಿಗಾಲದಲ್ಲಿ ಪ್ರಶ್ನೆ ಬದಲಾಗುತ್ತದೆ, "ಸ್ಕೀ ಕಲೀಬೇಕು, ಆದ್ರೆ ಗುಡ್ಡದ ಮೇಲಿಂದ ಜಾರೋಕೆ ಭಯ." ಎರಡಕ್ಕೂ ನನ್ನ ಉತ್ತರ ಈ ದಾರಿಯೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರೈಲ್ವೆ ದಾರಿ ಅಂದ ಕೂಡಲೇ ನಮ್ಮವರಿಗೆ ಎಡಕುಮೇರಿ ನೆನಪಾಗುತ್ತದೆ. ಅದು ಬೇರೆ, ಇದು ಬೇರೆ. ಸಕಲೇಶಪುರದ ಘಾಟಿಯಲ್ಲಿ ಈಗ ರೈಲು ಓಡುತ್ತದೆ, ಹಳಿ ಮೇಲೆ ನಡೆಯುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಇಲ್ಲಿ ರೈಲಿನ ಸದ್ದು ನಿಂತು ಎಷ್ಟೋ ವರ್ಷಗಳಾಗಿವೆ. ಉಳಿದಿರುವುದು ರೈಲಿಗಾಗಿ ಕಟ್ಟಿದ ಏರಿ, ಕಟಿಂಗ್, ಸೇತುವೆ, ಮೋರಿ. ಈ ದಾರಿಯ ಸುಖವೆಲ್ಲ ಇರುವುದು ಅವುಗಳಲ್ಲೇ.

ಮೊದಲು ಏರಿಳಿತ ನೋಡಿ, ಆಮೇಲೆ ಮ್ಯಾಪ್

ನಮ್ಮಪ್ಪ ಅರಸೀಕೆರೆಯಲ್ಲಿ ಕೀಮ್ಯಾನ್ ಆಗಿದ್ದವರು. ಭುಜದ ಮೇಲೆ ಸ್ಪ್ಯಾನರ್, ಸುತ್ತಿಗೆ, ಕಂಕುಳಲ್ಲಿ ಕೆಂಪು ಹಸಿರು ಬಾವುಟ. ತಮ್ಮ ಪಾಲಿನ ಲೈನನ್ನು ದಿನಾ ನಡೆದು ನೋಡುವುದೇ ಅವರ ಕೆಲಸವಾಗಿತ್ತು. ಇಲ್ಲಿಗೆ ಬಂದಾಗ ಟ್ರೇಲಿಗೆ ಕರೆದುಕೊಂಡು ಹೋದೆ. ಎಲ್ಲರೂ ಬೆಟ್ಟ, ಹೊಳೆ ನೋಡುತ್ತಿದ್ದರೆ ಅವರು ಮಾತ್ರ ಏರಿಯ ಅಂಚಿಗೆ ಹೋಗಿ ಬಗ್ಗಿ ಕೆಳಗೆ ನೋಡಿದರು. "ಮೊದ್ಲು ಮೋರಿ ನೋಡವ್ವ. ನೀರು ಸಲೀಸಾಗಿ ಹೋಗ್ತಾ ಐತಾ ಇಲ್ವಾ ಅಂತ." ಆಮೇಲೆ ಹಿಂದೆ ತಿರುಗಿ ಬಂದ ದಾರಿಯನ್ನೇ ದಿಟ್ಟಿಸಿ, "ನೂರಕ್ಕೆ ಒಂದು ಏರು ಇರಬೇಕು" ಅಂದರು. ನನ್ನ ಕಣ್ಣಿಗೆ ಸಪಾಟಾಗಿ ಕಂಡಿದ್ದ ದಾರಿ ಅದು. ಅವತ್ತಿನಿಂದ ನಾನೂ ಟ್ರೇಲನ್ನು ಹಾಗೇ ನೋಡುತ್ತೇನೆ. ಏರು ಎತ್ತ ಕಡೆ, ನೀರು ಎತ್ತ ಕಡೆ. ಇವೆರಡು ಗೊತ್ತಾದರೆ ಎಲ್ಲಿಂದ ಹೊರಡಬೇಕು, ಯಾವ ತಿಂಗಳು ಹೋಗಬೇಕು, ಸೈಕಲ್ಲೋ ಸ್ಕೀಯೋ ಅನ್ನುವುದೆಲ್ಲ ತಾನಾಗೇ ಗೊತ್ತಾಗುತ್ತದೆ.

ಉಗಿ ಇಂಜಿನ್ನಿಗೆ ಕಡಿದಾದ ಏರು ಹತ್ತಲು ಆಗುತ್ತಿರಲಿಲ್ಲ. ಕಬ್ಬಿಣದ ಚಕ್ರ ಕಬ್ಬಿಣದ ಕಂಬಿಯ ಮೇಲೆ ಜಾರುತ್ತದೆ. ಹಾಗಾಗಿ ಗುಡ್ಡ ಅಡ್ಡ ಬಂದರೆ ಕಡಿದರು, ತಗ್ಗು ಬಂದರೆ ಮಣ್ಣು ತುಂಬಿದರು, ಇಲ್ಲದಿದ್ದರೆ ಹೊಳೆಯ ಜೊತೆಗೇ ಬಳಸಿಕೊಂಡು ಹೋದರು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಂಥ ಕಷ್ಟದ ಜಾಗದಲ್ಲೂ ಏರು 50ಕ್ಕೆ 1 ಅಷ್ಟೇ. ಲಮೊಯ್ಲ್ ಟ್ರೇಲ್ ಬಹುಪಾಲು ಅದಕ್ಕಿಂತ ಮೆತ್ತಗಿದೆ. ಸೈಕಲ್ ಬಿಟ್ಟು ವರ್ಷಗಳಾದವರೂ ಹತ್ತಬಹುದು. ಮೊಣಕಾಲು ನೋವಿರುವವರು ಮೆಟ್ಟಿಲಿಗೆ ಹೆದರುವಂತೆ ಇಲ್ಲಿ ಹೆದರಬೇಕಿಲ್ಲ.

ದಾರಿಯ ಆಕಾರ ಹೀಗಿದೆ. ಸೇಂಟ್ ಜಾನ್ಸ್‌ಬರಿಯಿಂದ ಡ್ಯಾನ್‌ವಿಲ್ ಮೇಲೆ ಹಾದು ವೆಸ್ಟ್ ಡ್ಯಾನ್‌ವಿಲ್‌ವರೆಗೆ 15 ಮೈಲಿ ಒಂದೇ ಸಮನೆ ಏರು. ಒಟ್ಟು ಸುಮಾರು 300 ಮೀಟರ್ ಹತ್ತುತ್ತೀರಿ. ಅಲ್ಲಿಂದ ಇನ್ನೂ ಸ್ವಲ್ಪ ಏರಿ ವಾಲ್ಡನ್ ಹತ್ತಿರ ನೆತ್ತಿ. ಅದು ನೀರು ಇಬ್ಭಾಗವಾಗುವ ಜಾಗ. ಪೂರ್ವಕ್ಕೆ ಬಿದ್ದ ಮಳೆ ಕನೆಕ್ಟಿಕಟ್ ನದಿ ಸೇರಿ ದಕ್ಷಿಣಕ್ಕೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಲಮೊಯ್ಲ್ ಹಿಡಿದು, ಶಾಂಪ್ಲೇನ್ ಸರೋವರಕ್ಕೆ ಇಳಿದು, ಕೆನಡಾದ ಸೇಂಟ್ ಲಾರೆನ್ಸ್ ಸೇರುತ್ತದೆ. ನೆತ್ತಿ ದಾಟಿದ ಮೇಲೆ ಗ್ರೀನ್ಸ್‌ಬರೊ ಬೆಂಡ್, ಹಾರ್ಡ್‌ವಿಕ್, ವೂಲ್ಕಟ್, ಮಾರಿಸ್‌ವಿಲ್, ಹೈಡ್ ಪಾರ್ಕ್, ಜಾನ್ಸನ್, ಕೇಂಬ್ರಿಜ್ ಜಂಕ್ಷನ್. ಇಲ್ಲೆಲ್ಲ ಲಮೊಯ್ಲ್ ನದಿಯ ಜೊತೆಗೇ ಇಳಿಜಾರು. ಕೇಂಬ್ರಿಜ್ ದಾಟಿದ ಮೇಲೆ ದಾರಿ ನದಿ ಬಿಟ್ಟು ಫ್ಲೆಚರ್ ಕಡೆ ತಿರುಗುತ್ತದೆ. ಆಮೇಲೆ ಶೆಲ್ಡನ್, ಕೊನೆಗೆ ಸ್ವಾಂಟನ್. ಆ ಭಾಗ ಹಸುವಿನ ಹುಲ್ಲುಗಾವಲು, ಜೋಳದ ಹೊಲ, ಕೊಟ್ಟಿಗೆಗಳ ಸೀಮೆ.

ಹಾಗಾದರೆ ಎಲ್ಲಿಂದ ಹೊರಡಬೇಕು? ಎರಡು ಕಾರು ಇದ್ದರೆ ಒಂದನ್ನು ಕೆಳಗೆ ಬಿಟ್ಟು, ಇನ್ನೊಂದರಲ್ಲಿ ಮೇಲಕ್ಕೆ ಹೋಗಿ ಇಳಿಯುತ್ತಾ ಬನ್ನಿ. ವೆಸ್ಟ್ ಡ್ಯಾನ್‌ವಿಲ್‌ನಿಂದ ಸೇಂಟ್ ಜಾನ್ಸ್‌ಬರಿಗೆ ಸೈಕಲ್ಲಿನಲ್ಲಿ ಇಳಿಯುವುದು ಮಕ್ಕಳಿಗೆ ತುಂಬಾ ಖುಷಿ. ಒಂದೇ ಕಾರು ಇದ್ದರೆ ಕೆಳಗಿಂದ ಹೊರಡಿ. ಮೊದಲು ಏರು, ವಾಪಸ್ ಬರುವಾಗ ಇಳಿಜಾರು. ಇದನ್ನು ತಿರುಗುಮುರುಗು ಮಾಡಿದರೆ ಸುಸ್ತಾದ ಹೊತ್ತಿನಲ್ಲೇ ಏರು ಎದುರಾಗುತ್ತದೆ. ಮಕ್ಕಳು ಅಳುವುದು, ಹಿರಿಯರು ಸಿಡುಕುವುದು ಆಗಲೇ.

ಪೂರ್ತಿ 150 ಕಿ.ಮೀ. ಮುಗಿಸಬೇಕು ಅನ್ನುವ ಹಟ ಮೊದಲ ಸಲಕ್ಕೆ ಬೇಡ. ಮುಗಿಸುವವರು ಎರಡು ಮೂರು ದಿನ ಇಟ್ಟುಕೊಂಡು, ಮಾರಿಸ್‌ವಿಲ್ ಅಥವಾ ಜಾನ್ಸನ್ ಸುತ್ತಮುತ್ತ ರಾತ್ರಿ ಉಳಿದು ಮಾಡುತ್ತಾರೆ. ಟ್ರೇಲ್ ಪಕ್ಕದಲ್ಲಿ ಟೆಂಟ್ ಹೊಡೆಯುವ ಯೋಚನೆ ಬೇಡ, ಎರಡೂ ಬದಿ ಯಾರದೋ ಜಮೀನು. ನಾನು ಕೇಳಿದವರಿಗೆಲ್ಲ ಹೇಳುವುದು ಮಾರಿಸ್‌ವಿಲ್–ಕೇಂಬ್ರಿಜ್ ಜಂಕ್ಷನ್ ನಡುವಿನ 17 ಮೈಲಿ. ನದಿ, ಹೊಲ, ಊರು ಎಲ್ಲವೂ ಅಲ್ಲಿವೆ. ಎಲ್ಲಿ ಬೇಕಾದರೂ ಹತ್ತಿ, ಎಲ್ಲಿ ಬೇಕಾದರೂ ಇಳಿಯಬಹುದು.

ಸೈಕಲ್

ದಾರಿ ಟಾರು ಅಲ್ಲ, ಜಲ್ಲಿಪುಡಿ. ಒಣಗಿದ್ದಾಗ ಗಟ್ಟಿಯಾಗಿ, ನುಣುಪಾಗಿ ಇರುತ್ತದೆ. ಆದರೂ ರೇಸಿನ ತೆಳು ಟಯರ್ ಅಲ್ಲಲ್ಲಿ ಹೂತುಕೊಳ್ಳುತ್ತದೆ. 35 ಮಿ.ಮೀ. ಅಥವಾ ಅದಕ್ಕಿಂತ ಅಗಲದ ಟಯರ್ ಇರುವ ಹೈಬ್ರಿಡ್, ಗ್ರ್ಯಾವೆಲ್, ಮೌಂಟನ್ ಯಾವುದಾದರೂ ಸರಿ. ಟಯರಿನ ಗಾಳಿ ಕಲ್ಲಿನಂತೆ ಗಟ್ಟಿ ಇದ್ದರೆ ಕೈ ಅದುರುತ್ತದೆ, ಸ್ವಲ್ಪ ಇಳಿಸಿಕೊಳ್ಳಿ. ಒಂದು ಟ್ಯೂಬ್, ಎರಡು ಟಯರ್ ಲಿವರ್, ಕೈಪಂಪ್ ಇಲ್ಲದೆ ಹೊರಡಬೇಡಿ. ಊರಿಂದ ಊರಿಗೆ ಮೈಲಿಗಟ್ಟಲೆ ಅಂತರ ಇದೆ. ಕೆಲವು ಕಡೆ ಫೋನ್ ಸಿಗ್ನಲ್ ಪೂರ್ತಿ ಮಾಯ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ರೈಲಿಗೆ ಗೇಟ್ ಇತ್ತು, ನಿಮಗೆ ಇಲ್ಲ. ಈ ಮಾತು ಮಕ್ಕಳಿಗೆ ಚೆನ್ನಾಗಿ ಮನಸ್ಸಿಗೆ ಹತ್ತಬೇಕು. ಟ್ರೇಲ್ ಹಳ್ಳಿ ರಸ್ತೆಗಳನ್ನು ಮಾತ್ರವಲ್ಲ, ಜೋರಾಗಿ ಕಾರು ಓಡುವ ರೂಟ್ 15ನ್ನೂ ದಾಟುತ್ತದೆ. ಇಳಿಜಾರಿನಲ್ಲಿ ಬರುತ್ತಿದ್ದರೆ ರಸ್ತೆ ತಟ್ಟನೆ ಎದುರಾಗುತ್ತದೆ. ಪ್ರತಿ ಕ್ರಾಸಿಂಗಿನಲ್ಲಿ ಕಾಲು ನೆಲಕ್ಕೆ ಊರಿ ನಿಲ್ಲುವುದು, ಎರಡೂ ಕಡೆ ನೋಡುವುದು. ನಮ್ಮ ಮನೆಯಲ್ಲಿ ಇದಕ್ಕೆ ರಿಯಾಯಿತಿ ಇಲ್ಲ.

ವೂಲ್ಕಟ್ ಹತ್ತಿರ ಬಂದಾಗ ಸೈಕಲ್ ನಿಲ್ಲಿಸಿ. ಅಲ್ಲಿ ಫಿಶರ್ ಸೇತುವೆ ಇದೆ. 1908ರಲ್ಲಿ ಕಟ್ಟಿದ, ಸೂರು ಗೋಡೆ ಎರಡೂ ಇರುವ ಮರದ ರೈಲು ಸೇತುವೆ. ಸೂರಿರುವ ಮರದ ಸೇತುವೆಗಳು ವರ್ಮಾಂಟಿನಲ್ಲಿ ಬೇಕಾದಷ್ಟಿವೆ, ಆದರೆ ಅವುಗಳಲ್ಲಿ ಬಹುಪಾಲು ಗಾಡಿ ರಸ್ತೆಯವು. ಇದು ರೈಲಿನದು, ಹಾಗಾಗಿ ಎತ್ತರ ಜಾಸ್ತಿ, ಮರದ ದಿಮ್ಮಿ ದಪ್ಪ. ಒಳಗೆ ನಿಂತು ಪಕ್ಕದ ಗೋಡೆ ನೋಡಿ. ಹಲಗೆಗಳನ್ನು ಓರೆಯಾಗಿ, ಒಂದರ ಮೇಲೊಂದು ಅಡ್ಡಡ್ಡ ಹೆಣೆದು ಜಾಲರಿ ಮಾಡಿದ್ದಾರೆ. ರೈಲಿನ ಭಾರ ತಡೆಯಲೆಂದು ಆ ಜಾಲರಿಯನ್ನೂ ಒಂದಲ್ಲ, ಜೋಡಿಯಾಗಿ ಹಾಕಿದ್ದಾರೆ. ಹಲಗೆ ಹಲಗೆ ಸೇರುವ ಪ್ರತಿ ಜಾಗದಲ್ಲೂ ಮರದ ಗೂಟ. ಈಗ ಕತ್ತೆತ್ತಿ ನೋಡಿ. ಸೂರಿನ ನೆತ್ತಿಯುದ್ದಕ್ಕೂ ಇನ್ನೊಂದು ಪುಟ್ಟ ಸೂರು ಎದ್ದು ನಿಂತಿದೆ, ಅದರ ಬದಿಯಿಂದ ಬೆಳಕು ಒಳಗೆ ಬರುತ್ತದೆ. ಇಂಜಿನ್ನಿನ ಹೊಗೆ ಹೊರಗೆ ಹೋಗಲಿ ಅಂತ ಬಿಟ್ಟ ಕಿಂಡಿ ಅದು. ನಮ್ಮ ಹಳೇ ಅಡುಗೆಮನೆಗಳಲ್ಲಿ ಒಲೆಯ ಮೇಲೆ ಸೂರಿನಲ್ಲಿ ಬಿಡುತ್ತಿದ್ದ ಗವಾಕ್ಷಿಯ ಲೆಕ್ಕವೇ, ಅಲ್ವಾ? 1968ರಲ್ಲಿ ಸೇತುವೆ ಕೆಡವುವ ಬದಲು ಕೆಳಗಡೆ ಉಕ್ಕಿನ ತೊಲೆ ಕೊಟ್ಟು ಭಾರವನ್ನು ಅದಕ್ಕೆ ಹೊರಿಸಿದರು. ಅದಕ್ಕೇ ಮರದ ಸೇತುವೆ ಇವತ್ತಿಗೂ ನಿಂತಿದೆ. ಅಲ್ಲಿ ಹತ್ತು ನಿಮಿಷ ಕೂತು ಹೋಗದಿದ್ದರೆ ಈ ದಾರಿಗೆ ಬಂದದ್ದು ಅರ್ಧ ಅಂತ ನನ್ನ ಭಾವನೆ.

ಈ ಲೈನಿನ ಕಥೆಯೂ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ಬಂದರಿನಿಂದ ನ್ಯೂಯಾರ್ಕ್ ರಾಜ್ಯದ ಆಗ್ಡೆನ್ಸ್‌ಬರ್ಗ್‌ವರೆಗೆ ರೈಲು ಒಯ್ದು, ಗ್ರೇಟ್ ಲೇಕ್ಸ್ ಕಡೆಯ ಸರಕನ್ನು ಸಮುದ್ರಕ್ಕೆ ತರುವ ಯೋಚನೆ ಇತ್ತು. ಸೇಂಟ್ ಜಾನ್ಸ್‌ಬರಿಯ ಫೇರ್‌ಬ್ಯಾಂಕ್ಸ್ ಮನೆತನ ಇದಕ್ಕೆ ಬೆನ್ನು ಕೊಟ್ಟಿತು. ತೂಕದ ಮಾಪಕ ಮಾಡಿ ಜಗತ್ತಿಗೆಲ್ಲ ಮಾರಿದವರು ಅವರೇ. ವರ್ಮಾಂಟಿನ ಭಾಗ 1877ರಲ್ಲಿ ಫ್ಲೆಚರ್ ಹತ್ತಿರ ಕೂಡಿಕೊಂಡಿತು. ಅಂದುಕೊಂಡಷ್ಟು ಸರಕು ಬರಲಿಲ್ಲ. ಹಾಲು, ಮರ, ಹಾರ್ಡ್‌ವಿಕ್ ಕಡೆಯ ಗ್ರಾನೈಟ್ ಸಾಗಿಸಿಕೊಂಡು ಲೈನ್ ಹೇಗೋ ನೂರು ವರ್ಷ ದಾಟಿತು. ಕೊನೆಗೆ 1990ರ ದಶಕದಲ್ಲಿ ರೈಲು ನಿಂತಿತು.

ನಿಂತ ಲೈನ್ ಯಾರ ಪಾಲು? ಅಮೆರಿಕದಲ್ಲಿ 1983ರ ಒಂದು ಕಾನೂನು ತಿದ್ದುಪಡಿ ಇದಕ್ಕೆ ದಾರಿ ಮಾಡಿತು. ಮುಂದೆ ಯಾವತ್ತಾದರೂ ರೈಲು ಬೇಕಾದೀತು ಅಂತ ಜಾಗವನ್ನು ಚೂರು ಚೂರು ಮಾಡಿ ಹಂಚದೆ ಹಾಗೇ ಉಳಿಸಿಕೊಂಡು, ಅಲ್ಲಿಯವರೆಗೆ ಟ್ರೇಲ್ ಮಾಡಬಹುದು. ಇದನ್ನು ಪ್ರಶ್ನಿಸಿದ ಕೇಸು ಸುಪ್ರೀಂ ಕೋರ್ಟಿಗೆ ಹೋದದ್ದು ಇದೇ ವರ್ಮಾಂಟಿನ ಬರ್ಲಿಂಗ್‌ಟನ್ನಿನಿಂದ. 1990ರಲ್ಲಿ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಇಂಥ ಜಾಗ ಒಮ್ಮೆ ಕೈತಪ್ಪಿದರೆ ಮತ್ತೆ ಸಿಗುವುದಿಲ್ಲ. ನಮ್ಮಲ್ಲಿ ಗೇಜ್ ಬದಲಾವಣೆಯ ಹೊತ್ತಿಗೆ ಬಿಟ್ಟುಹೋದ ಹಳೇ ಮೀಟರ್ ಗೇಜ್ ತುಂಡುಗಳನ್ನು ನೋಡಿದಾಗೆಲ್ಲ ನನಗೆ ಈ ಯೋಚನೆ ಬರುತ್ತದೆ.

ನಡಿಗೆ, ಮುಖ್ಯವಾಗಿ ಹಿರಿಯರ ಜೊತೆ

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಕೇಂಬ್ರಿಜ್ ಜಂಕ್ಷನ್‌ಗೆ ಹೋಗಿ. ಪಾರ್ಕಿಂಗ್ ಪಕ್ಕದಲ್ಲೇ 1887ರ ಪೋಲೆಂಡ್ ಸೇತುವೆ ಇದೆ, ಅದೂ ಸೂರಿರುವ ಮರದ್ದು. ನೋಡಲು, ಫೋಟೊ ತೆಗೆಯಲು ಚೆನ್ನ. ಅಲ್ಲಿಂದ ಜಾನ್ಸನ್ ಕಡೆಗೆ ಎಷ್ಟು ಆಗುತ್ತದೋ ಅಷ್ಟು ನಡೆದು ವಾಪಸ್ ಬನ್ನಿ. ದಾರಿ ಅಗಲವಾಗಿದೆ, ಮೂರು ಜನ ಮಾತಾಡಿಕೊಂಡು ಸಾಲಾಗಿ ಹೋಗಬಹುದು. ನಮ್ಮಮ್ಮ ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಇಲ್ಲಿ ಆರಾಮಾಗಿ ನಡೆದಿದ್ದಾರೆ. ಸೈಕಲ್‌ನವರು ಹಿಂದಿನಿಂದ ಗಂಟೆ ಬಾರಿಸಿದರೆ ಬಲಕ್ಕೆ ಸರಿಯಬೇಕು ಅಂತ ಮೊದಲೇ ಹೇಳಿಡಿ. ನಮ್ಮ ಹಿರಿಯರಿಗೆ ಎಡಕ್ಕೆ ಸರಿದೇ ಅಭ್ಯಾಸ, ಸರಿಯಾಗಿ ಸೈಕಲ್ ಬರುವ ಕಡೆಗೇ ಹೋಗಿಬಿಡುತ್ತಾರೆ.

ಒಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು: ಉಣ್ಣಿ, ಅಂದರೆ ರಕ್ತ ಹೀರುವ ಟಿಕ್. ಇಲ್ಲಿಯ ಹುಲ್ಲಿನಲ್ಲಿ ಎಳ್ಳುಕಾಳಿನಷ್ಟೇ ಇರುವ ಉಣ್ಣಿಯಿಂದ ಲೈಮ್ ಕಾಯಿಲೆ ಹರಡುತ್ತದೆ. ವರ್ಮಾಂಟಿನಲ್ಲಿ ಇದು ಅಪರೂಪವಲ್ಲ. ದಾರಿಯ ಮಧ್ಯದಲ್ಲಿದ್ದರೆ ತೊಂದರೆ ಕಡಿಮೆ, ಫೋಟೊಗೆ ಅಂತ ಹುಲ್ಲಿಗೆ ಇಳಿದಾಗಲೇ ಅವು ಹತ್ತುವುದು. ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ, ಕಾಲಿಗೆ ಸ್ಪ್ರೇ ಹೊಡೆಯಿರಿ. ಮನೆಗೆ ಬಂದ ಮೇಲೆ ಮೊಣಕಾಲ ಹಿಂದೆ, ಕಂಕುಳು, ಸೊಂಟ, ತಲೆಗೂದಲ ಬುಡ ಎಲ್ಲ ನೋಡಿ. ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಆಮೇಲಿನ ವಾರಗಳಲ್ಲಿ ಜ್ವರ ಬಂದರೆ, ಚರ್ಮದಲ್ಲಿ ಕೆಂಪು ಹರಡಿದರೆ ಡಾಕ್ಟರಿಗೆ ಉಣ್ಣಿ ಕಚ್ಚಿದ್ದನ್ನು ಹೇಳಿ. ಪ್ರವಾಸ ಮುಗಿಸಿ ಊರಿಗೆ ಮರಳಿದ ಹಿರಿಯರಿಗೂ ಇದನ್ನು ಹೇಳಿ ಕಳಿಸಿ, ಅಲ್ಲಿನ ಡಾಕ್ಟರಿಗೆ ಈ ಕಾಯಿಲೆ ತಕ್ಷಣ ಹೊಳೆಯಲಿಕ್ಕಿಲ್ಲ.

ಜೂನ್ ಜುಲೈನಲ್ಲಿ ದಾರಿಯಂಚಿಗೆ ಹಳದಿ ಹೂವಿನ ಎತ್ತರದ ಗಿಡ ಕಾಣುತ್ತದೆ, ಕೊಡೆ ಬಿಚ್ಚಿದ ಹಾಗಿನ ಹೂಗೊಂಚಲು. ಹೆಸರು ವೈಲ್ಡ್ ಪಾರ್ಸ್‌ನಿಪ್. ನೋಡಲು ನಮ್ಮ ಸಬ್ಬಸಿಗೆ ಹೂವಿನ ಜಾತಿಯೇ. ಅದರ ರಸ ಮೈಗೆ ತಾಗಿ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಅಮ್ಮಂದಿರಿಗೆ ಹೂ ಕಂಡರೆ ಕೈ ಹೋಗುತ್ತದೆ, ತಡೆಯಿರಿ.

ಯಾವಾಗ ಹೋಗಬೇಕು

ಏಪ್ರಿಲ್ ಬೇಡ. ಹಿಮ ಕರಗಿ ನೆಲ ಮೆತ್ತಗಾಗಿರುತ್ತದೆ, ಚಕ್ರದ ಗುರುತು ಆಳವಾಗಿ ಕೂತು ದಾರಿ ಹಾಳಾಗುತ್ತದೆ. ಮೇ ತಿಂಗಳಲ್ಲಿ ಕಪ್ಪು ನೊಣದ ಕಾಟ. ಜೂನ್‌ನಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಕಾಲ. ಎಲೆ ಬಣ್ಣ ನೋಡಲು ಬರುವವರು ಮತ್ತೆ ಏರಿಳಿತದ ಲೆಕ್ಕವನ್ನೇ ಹಿಡಿಯಿರಿ. ಎತ್ತರದ ವಾಲ್ಡನ್, ಡ್ಯಾನ್‌ವಿಲ್ ಕಡೆ ಸೆಪ್ಟೆಂಬರ್ ಕೊನೆಗೇ ಮೇಪಲ್ ಕೆಂಪಾಗುತ್ತದೆ. ತಗ್ಗಿನ ಸ್ವಾಂಟನ್ ಕಡೆ ಅಕ್ಟೋಬರ್ ನಡುವಿನವರೆಗೂ ಬಣ್ಣ ಉಳಿದಿರುತ್ತದೆ. ಒಂದು ವಾರ ತಡವಾಯಿತಾ? ಪಶ್ಚಿಮಕ್ಕೆ ಇಳಿಯಿರಿ.

ನವೆಂಬರ್ ಮಧ್ಯದಿಂದ ಎರಡು ವಾರ ಜಿಂಕೆ ಬೇಟೆಯ ಕಾಲ. ಬಂದೂಕು ಹಿಡಿದವರು ಸುತ್ತಲ ಕಾಡಿನಲ್ಲಿ ಇರುತ್ತಾರೆ. ಹೋಗಲೇಬೇಕಾದರೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್, ಟೋಪಿ ಹಾಕಿ. ಕಂದು, ಬಿಳಿ ಬೇಡ.

ಇನ್ನು ನೀರು. ಅಪ್ಪ ಹೇಳಿದ ಮೋರಿಯ ಮಾತು ಇಲ್ಲಿ ಬರುತ್ತದೆ. ಏರು ತಪ್ಪಿಸಲು ರೈಲು ಹೊಳೆಯ ಮಗ್ಗುಲು ಹಿಡಿದಿತ್ತು. ಹೊಳೆ ಉಕ್ಕಿದಾಗ ಮೊದಲು ಹೊಡೆತ ತಿನ್ನುವುದೂ ಅದೇ ಮಗ್ಗುಲು. ಟ್ರೇಲ್ ಪೂರ್ತಿ ಸಿದ್ಧವಾಗಿ ಉದ್ಘಾಟನೆ ಆಗಬೇಕಿದ್ದ 2023ರ ಜುಲೈನಲ್ಲೇ, 10–11ನೇ ತಾರೀಖು, ದೊಡ್ಡ ಪ್ರವಾಹ ಬಂತು. ಏರಿ ಕೊಚ್ಚಿಹೋಯಿತು, ಮೋರಿ ಬಾಯಿ ತೆರೆದು ನಿಂತವು. ಸರಿಯಾಗಿ ಒಂದು ವರ್ಷಕ್ಕೆ, 2024ರ ಜುಲೈ 10–11ಕ್ಕೆ, ಮತ್ತೆ ಪ್ರವಾಹ. ರಿಪೇರಿ ಮಾಡಿದವರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. ನೀವು ಮಾಡಬೇಕಾದ್ದು ಇಷ್ಟು: ಹೊರಡುವ ಮುನ್ನ ರಾಜ್ಯದ ಸಾರಿಗೆ ಇಲಾಖೆ ಹಾಕುವ ಟ್ರೇಲ್ ಮಾಹಿತಿಯಲ್ಲಿ ಯಾವ ಭಾಗ ಮುಚ್ಚಿದೆ ಅಂತ ನೋಡಿ. ಜೋರು ಮಳೆ ಬಂದ ಮಾರನೇ ದಿನ ನದಿಪಕ್ಕದ ಭಾಗ ಬಿಟ್ಟು ಬೇರೆ ಕಡೆ ಹೋಗಿ. ಏರಿಯ ಅಂಚು ಕುಸಿದು ಟೊಳ್ಳಾಗಿರಬಹುದು, ಮೇಲಿಂದ ಗೊತ್ತಾಗುವುದಿಲ್ಲ. ಅಡ್ಡಗಟ್ಟೆ ಹಾಕಿದ್ದರೆ ಸೈಕಲ್ ಎತ್ತಿಕೊಂಡು ದಾಟುವ ಸಾಹಸ ಖಂಡಿತ ಬೇಡ.

ಸ್ಕೀ

ಚಳಿಗಾಲದಲ್ಲಿ ಇದು ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಮೋಟಾರ್ ಗಾಡಿಗಳ ದಾರಿ. ಡಿಸೆಂಬರ್ 16ರಿಂದ ಏಪ್ರಿಲ್ 15ರವರೆಗೆ ಅವುಗಳ ಸೀಸನ್. ಹಿಮ ಸಾಕಷ್ಟು ಬಿದ್ದಾಗ ಯಂತ್ರ ಓಡಿಸಿ ದಾರಿಯನ್ನು ಒತ್ತಿ ಸಮ ಮಾಡುತ್ತಾರೆ. ಅದೇ ದಾರಿಯಲ್ಲಿ ನಾವು ಸ್ಕೀ ಮಾಡಬಹುದು, ಹಿಮಮೆಟ್ಟು (ಸ್ನೋಶೂ) ಕಟ್ಟಿಕೊಂಡು ನಡೆಯಬಹುದು. ಸ್ನೋಮೊಬೈಲ್‌ನವರನ್ನು ಕಂಡರೆ ಕೆಲವರಿಗೆ ಆಗುವುದಿಲ್ಲ. ನನ್ನ ಅನಿಸಿಕೆ ಬೇರೆ. ರೈಲು ನಿಂತ ಮೇಲೆ ಈ ದಾರಿ ಮುಳ್ಳುಕಂಟಿ ಬೆಳೆದು ಮುಚ್ಚಿಹೋಗದಂತೆ ನೋಡಿಕೊಂಡವರಲ್ಲಿ ಅವರ ಕ್ಲಬ್ಬುಗಳು ಮೊದಲು. ಸದ್ದು ಕೇಳಿದರೆ ಬಲಕ್ಕೆ ಸರಿದು ನಿಲ್ಲಿ, ಕೈ ಎತ್ತಿ. ಅವರೂ ವೇಗ ಇಳಿಸಿ ಕೈ ಎತ್ತುತ್ತಾರೆ. ಕಿವಿಗೆ ಇಯರ್‌ಫೋನ್ ಬೇಡ, ಜಾಕೆಟ್ ದೂರದಿಂದಲೇ ಎದ್ದು ಕಾಣುವ ಬಣ್ಣದ್ದಿರಲಿ. ಡಿಸೆಂಬರಿನಲ್ಲಿ ನಾಲ್ಕೂ ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಹಾಗಾಗಿ ಎರಡು ಗಂಟೆಗೆ ಹೊರಡುವ ಪ್ಲಾನ್ ಮಾಡಬೇಡಿ. ಶನಿವಾರ ಭಾನುವಾರ ಸ್ನೋಮೊಬೈಲ್ ಜಾಸ್ತಿ. ವಾರದ ಮಧ್ಯೆ ಬೆಳಿಗ್ಗೆ ಹೋದರೆ ದಾರಿ ಬಹುಪಾಲು ನಿಮ್ಮದೇ.

ನೀವು ಕಲಿಯಬೇಕಾದ್ದು ಕ್ರಾಸ್ ಕಂಟ್ರಿ ಸ್ಕೀ. ಇದರಲ್ಲಿ ಬೂಟಿನ ಮುಂಭಾಗ ಮಾತ್ರ ಸ್ಕೀಗೆ ಸಿಕ್ಕಿಕೊಳ್ಳುತ್ತದೆ, ಹಿಮ್ಮಡಿ ಮೇಲೇಳುತ್ತದೆ. ನಡಿಗೆಯೇ ಸ್ವಲ್ಪ ಜಾರಿದ ಹಾಗೆ. ಅಡಿಯಲ್ಲಿ ಮೀನಿನ ಹುರುಪೆಯಂತೆ ಗೆರೆ ಇರುವ ಸ್ಕೀ ಕೇಳಿ, ಮೇಣ ಹಚ್ಚುವ ತಾಪತ್ರಯ ಇರುವುದಿಲ್ಲ. ಮೊದಲ ದಿನ ಬಾಡಿಗೆಗೆ ತೆಗೆದುಕೊಂಡು ಯಾರಾದರೂ ಕಲಿಸುವವರ ಬಳಿ ಒಂದು ಪಾಠ ಮಾಡಿಸಿಕೊಳ್ಳಿ. ಮಾರಿಸ್‌ವಿಲ್ ಪಕ್ಕದ ಸ್ಟೋವ್‌ನಲ್ಲಿ 1968ರಿಂದ ನಡೆಯುತ್ತಿರುವ ಟ್ರಾಪ್ ಕುಟುಂಬದ ಸ್ಕೀ ಕೇಂದ್ರ ಇದೆ, ಕ್ರಾಫ್ಟ್ಸ್‌ಬರಿಯಲ್ಲೂ ಒಂದಿದೆ.

ಆಮೇಲೆ ಅಭ್ಯಾಸಕ್ಕೆ ರೈಲ್ ಟ್ರೇಲಿಗೆ ಬನ್ನಿ. ಮೊದಲು ಕೋಲು ಬದಿಗಿಟ್ಟು ಬರೀ ಕಾಲಲ್ಲಿ ಹೋಗಿ. ಒಂದು ಕಾಲಿನ ಮೇಲೆ ಪೂರ್ತಿ ಭಾರ ಹಾಕಿ, ಕೆಳಕ್ಕೆ ಒತ್ತಿ, ಇನ್ನೊಂದನ್ನು ಮುಂದಕ್ಕೆ ಜಾರಿಸಿ. ಭಾರ ಎರಡೂ ಕಾಲಿಗೆ ಹಂಚಿದರೆ ಸ್ಕೀ ಹಿಂದಕ್ಕೆ ಜಾರುತ್ತದೆ. ಹೊಸಬರೆಲ್ಲ ಒದ್ದಾಡುವುದು ಇಲ್ಲೇ. ಮೊಣಕಾಲು ಸ್ವಲ್ಪ ಮಡಿಸಿ, ನೋಟ ಮುಂದೆ ಇರಲಿ. ಬೀಳುವ ಹಾಗಾದರೆ ಪಕ್ಕಕ್ಕೆ ಕೂರುವಂತೆ ಬೀಳಿ. ಏಳುವಾಗ ಎರಡೂ ಸ್ಕೀಯನ್ನು ಒಂದೇ ಬದಿಗೆ ತಂದು, ಮಂಡಿಯೂರಿ, ಆಮೇಲೆ ಏಳಿ. ನೂರಕ್ಕೆ ಒಂದರ ಏರು ಸ್ಕೀಗೆ ಹೇಳಿ ಮಾಡಿಸಿದ್ದು. ಹೋಗುವಾಗ ಮೈ ಬಿಸಿಯಾಗುತ್ತದೆ, ಬರುವಾಗ ಕೋಲಿನಿಂದ ಒಂದೊಂದು ತಳ್ಳು ಕೊಟ್ಟರೆ ಉದ್ದಕ್ಕೂ ಜಾರುತ್ತೀರಿ, ವೇಗ ಕೈಮೀರುವುದಿಲ್ಲ. ಗುಡ್ಡದ ಸ್ಕೀಗೆ ಹೆದರುವವರಿಗೆ ಇಷ್ಟು ಸಾಕು.

ಹಿಮ ಎತ್ತರದಲ್ಲಿ ಬೇಗ ಬಿದ್ದು ನಿಧಾನಕ್ಕೆ ಕರಗುತ್ತದೆ. ಹಾಗಾಗಿ ಸ್ಕೀಗೆ ವಾಲ್ಡನ್, ವೆಸ್ಟ್ ಡ್ಯಾನ್‌ವಿಲ್ ಕಡೆ ಹೋಗಿ. ಸ್ವಾಂಟನ್‌ನಲ್ಲಿ ಹುಲ್ಲು ಕಾಣುವ ದಿನವೂ ಅಲ್ಲಿ ಹಿಮ ಇರುತ್ತದೆ. ವೆಸ್ಟ್ ಡ್ಯಾನ್‌ವಿಲ್‌ನ ಜೋಸ್ ಪಾಂಡ್ ಕೆರೆಗೆ ಒಂದು ಪದ್ಧತಿ ಇದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಒಂದು ಸಿಮೆಂಟ್ ಇಟ್ಟಿಗೆ ಇಟ್ಟು, ದಡದ ಗಡಿಯಾರಕ್ಕೆ ಹಗ್ಗ ಕಟ್ಟಿರುತ್ತಾರೆ. ವಸಂತದಲ್ಲಿ ಮಂಜು ಒಡೆದು ಇಟ್ಟಿಗೆ ಮುಳುಗಿದಾಗ ಗಡಿಯಾರ ನಿಲ್ಲುತ್ತದೆ. ಆ ಹೊತ್ತು ಯಾವುದು ಅಂತ ಮೊದಲೇ ಊಹಿಸಿ ಜನ ಟಿಕೆಟ್ ಕೊಳ್ಳುತ್ತಾರೆ. ಸಾಮಾನ್ಯವಾಗಿ ಏಪ್ರಿಲ್ ಕೊನೆಯ ಹೊತ್ತಿಗೆ ಅದು ಮುಳುಗುತ್ತದೆ.

ಬಟ್ಟೆಯ ವಿಷಯದಲ್ಲಿ ಹತ್ತಿ ಬೇಡವೇ ಬೇಡ. ಬೆವರು ಹೀರಿ ಒದ್ದೆಯಾದ ಬನಿಯನ್ ನಿಂತ ಕೂಡಲೇ ಮೈಯನ್ನು ಕೊರೆಯುತ್ತದೆ. ಉಣ್ಣೆಯದೋ ಪಾಲಿಯೆಸ್ಟರಿನದೋ ತೆಳು ಒಳಬಟ್ಟೆ, ಮೇಲೆ ಒಂದು ಬೆಚ್ಚಗಿನದು, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಹೊರಟಾಗ ಸ್ವಲ್ಪ ಚಳಿ ಅನ್ನಿಸಬೇಕು, ಹತ್ತು ನಿಮಿಷಕ್ಕೆ ಸರಿಹೋಗುತ್ತದೆ. ಫೋನನ್ನು ಒಳಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಥಟ್ಟಂತ ಸಾಯುತ್ತದೆ. ನೀರಿನ ಬಾಟಲಿಯನ್ನು ತಲೆಕೆಳಗು ಮಾಡಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಮುಚ್ಚಳದ ಕಡೆ ಕುಡಿಯಲು ಉಳಿಯುತ್ತದೆ.

ತಿಂಡಿಗೆ ನಾನು ಫ್ಲಾಸ್ಕಿನಲ್ಲಿ ಬಿಸಿ ಮೆಣಸಿನ ಸಾರು ಒಯ್ಯುತ್ತೇನೆ. ಜೊತೆಗೆ ಚಪಾತಿಗೆ ತುಪ್ಪ ಬೆಲ್ಲ ಸವರಿದ ಸುರುಳಿ, ಎದೆಯ ಹತ್ತಿರದ ಜೇಬಿನಲ್ಲಿ. ಚಿಕ್ಕಿ ಒಯ್ಯಬೇಡಿ, ಚಳಿಗೆ ಕಲ್ಲಾಗಿ ಹಲ್ಲಿಗೆ ತೊಂದರೆ. ಬೇಸಿಗೆಗಾದರೆ ಮೊಸರನ್ನ, ಉಪ್ಪಿನಕಾಯಿ, ಸೌತೆಕಾಯಿ. ದಾರಿಯ ಊರುಗಳಲ್ಲಿ ಕ್ರೀಮಿ ಅಂತ ಮೆತ್ತನೆಯ ಐಸ್‌ಕ್ರೀಮ್ ಸಿಗುತ್ತದೆ, ಮೇಪಲ್ ರುಚಿಯದನ್ನೇ ಕೇಳಿ. ಸಸ್ಯಾಹಾರಿಗಳಿಗೆ ಹಳ್ಳಿ ಅಂಗಡಿಯಲ್ಲಿ ಆಯ್ಕೆ ಕಡಿಮೆ, ಬುತ್ತಿ ಕಟ್ಟಿಕೊಂಡೇ ಹೋಗುವುದು ಒಳ್ಳೆಯದು. ಕಸಕ್ಕೂ ಒಂದು ಚೀಲ ಇರಲಿ, ದಾರಿಯುದ್ದಕ್ಕೂ ಡಬ್ಬಿ ಸಿಗುವುದಿಲ್ಲ.

ಕಾರಿಲ್ಲದವರಿಗೆ

ಟ್ರೇಲಿಗೆ ರೈಲಿನಲ್ಲೇ ಬರಬಹುದು. ನ್ಯೂಯಾರ್ಕ್ ಮೇಲೆ ಹಾದು ಬರುವ ಆಮ್‌ಟ್ರ್ಯಾಕ್‌ನ ವರ್ಮಾಂಟರ್ ರೈಲಿನ ಕೊನೆಯ ನಿಲ್ದಾಣ ಸೇಂಟ್ ಆಲ್ಬನ್ಸ್. ಅಲ್ಲಿಂದ ಮಿಸಿಸ್ಕ್ವಾಯ್ ವ್ಯಾಲಿ ಅಂತ ಇನ್ನೊಂದು ರೈಲ್ ಟ್ರೇಲ್ ಹೊರಡುತ್ತದೆ, 26 ಮೈಲಿ ಉದ್ದ, ಕೆನಡಾ ಗಡಿ ಹತ್ತಿರದ ರಿಚ್‌ಫರ್ಡ್‌ವರೆಗೆ. ಅದು ಶೆಲ್ಡನ್ ಜಂಕ್ಷನ್‌ನಲ್ಲಿ ನಮ್ಮ ಟ್ರೇಲನ್ನು ಕೂಡುತ್ತದೆ. ರೈಲು ಸಂಜೆಯ ಮೇಲೆ ಬರುತ್ತದೆ, ಬೆಳಿಗ್ಗೆ ಹೊರಡುತ್ತದೆ. ಹಾಗಾಗಿ ಮೊದಲ ರಾತ್ರಿ ಸೇಂಟ್ ಆಲ್ಬನ್ಸ್‌ನಲ್ಲೇ ಉಳಿದು, ಬೆಳಗ್ಗೆ ಸೈಕಲ್ ಹತ್ತಿ ಶೆಲ್ಡನ್‌ಗೆ ಬಂದು ಅಲ್ಲಿಂದ ಪೂರ್ವಕ್ಕೆ ತಿರುಗಿ. ಆ ಕಡೆ ಏರು ಮೆಲ್ಲಗೆ ಶುರುವಾಗುತ್ತದೆ, ಕಾಲು ಪಳಗಲು ಹೊತ್ತು ಸಿಗುತ್ತದೆ. ರೈಲಿನಲ್ಲಿ ಸೈಕಲ್ ಇಡುವ ಜಾಗ ಕೆಲವೇ ಇವೆ, ನಿಮ್ಮ ಟಿಕೆಟ್ ಜೊತೆಗೇ ಸೈಕಲ್ಲಿಗೂ ಬುಕ್ ಮಾಡಿ. ಎಲೆ ಬಣ್ಣದ ವಾರಗಳಲ್ಲಿ ಅವು ಮೊದಲು ಮುಗಿಯುತ್ತವೆ.